ನಿವೃತ್ತನಾದವನ ಮೊದಲ ಎಸೆತ

1995ರ ಮೇ 2. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಹೊಸ ಪಿಚರ್ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ನೀಳವಾಗಿ ಎತ್ತಿದ. ಸೊಂಟ ತಿರುವಿ ಬ್ಯಾಟರ್‌ಗೆ ಪೂರಾ ಬೆನ್ನು ತೋರಿಸಿದ. ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಬುಗುರಿಯಂತೆ ಸುತ್ತಿ ಚೆಂಡು ಬಿಟ್ಟ. ಐದು ಇನ್ನಿಂಗ್ಸ್‌ಗಳಲ್ಲಿ ಅವನು ಬಿಟ್ಟುಕೊಟ್ಟದ್ದು ಒಂದೇ ಹಿಟ್. ಏಳು ಸಲ ಬ್ಯಾಟರ್‌ಗಳು ಸ್ಟ್ರೈಕ್‌ಔಟ್ ಆಗಿ ಹಿಂದಿರುಗಿದರು. ಹೆಸರು ಹಿದೆಯೊ ನೋಮೊ, ವಯಸ್ಸು 26. ಜಪಾನಿನ ಬೇಸ್‌ಬಾಲ್ ಕಡತಗಳ ಪ್ರಕಾರ ಮಾತ್ರ ಆ ಹೊತ್ತಿಗೆ ಅವನು ಆಟ ಬಿಟ್ಟು ನಿವೃತ್ತನಾದವನು.

ಆ ನಿವೃತ್ತಿಯ ಹಿಂದೆ ಒಂದು ಕಾನೂನಿನ ಚಾಣಾಕ್ಷತನವಿತ್ತು. ಒಸಾಕಾ ಸೀಮೆಯ ಕಿನ್ತೆತ್ಸು ಬಫಲೋಸ್ ತಂಡಕ್ಕೆ ನೋಮೊ 1990ರಿಂದ 1993ರವರೆಗೆ ಸತತ ನಾಲ್ಕು ವರ್ಷ ತನ್ನ ಲೀಗಿನಲ್ಲೇ ಅತಿ ಹೆಚ್ಚು ಗೆಲುವು, ಅತಿ ಹೆಚ್ಚು ಸ್ಟ್ರೈಕ್‌ಔಟ್ ತಂದುಕೊಟ್ಟಿದ್ದ. 1994ರ ಋತು ಮುಗಿದಾಗ ಅವನು ಕೇಳಿದ್ದು ಎರಡು: ಒಂದೇ ವರ್ಷದ ಬದಲು ಹಲವು ವರ್ಷದ ಕರಾರು, ಮತ್ತು ಮಾತುಕತೆಗೆ ತನ್ನ ಪರವಾಗಿ ಕೂರುವ ಒಬ್ಬ ಏಜೆಂಟ್. ತಂಡದವರು ಎರಡಕ್ಕೂ ತಲೆ ಅಲ್ಲಾಡಿಸಿದರು. ಆಗ ಏಜೆಂಟ್ ಡಾನ್ ನೊಮುರಾ ನಿಯಮಪುಸ್ತಕದ ಮೂಲೆಯೊಂದನ್ನು ಹುಡುಕಿ ತೆಗೆದ. ಸ್ವಂತ ಇಚ್ಛೆಯಿಂದ ನಿವೃತ್ತನಾದ ಆಟಗಾರ ಜಪಾನಿನಲ್ಲಿ ಮತ್ತೆ ಆಡುವುದಾದರೆ ಹಳೆಯ ತಂಡಕ್ಕೇ ಆಡಬೇಕು ಎಂದು ಅಲ್ಲಿ ಬರೆದಿತ್ತು. ಹೊರದೇಶದಲ್ಲಿ ಆಡುವವನ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ನೋಮೊ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ, ಫೆಬ್ರುವರಿಯಲ್ಲಿ 20 ಲಕ್ಷ ಡಾಲರ್ ಸಹಿಹಣದೊಂದಿಗೆ ಡಾಡ್ಜರ್ಸ್ ಸೇರಿದ.

ಇದು ನಮಗೆ ತೀರಾ ಅಪರಿಚಿತವಾದ ಉಪಾಯವೇನಲ್ಲ. ಸಕ್ರಿಯರಾಗಿರುವ ಭಾರತೀಯ ಪುರುಷ ಕ್ರಿಕೆಟಿಗರು ಹೊರದೇಶದ ಟಿ20 ಲೀಗುಗಳಲ್ಲಿ ಆಡಲು ಬಿಸಿಸಿಐ ಒಪ್ಪುವುದಿಲ್ಲ. ಕೊಡಗಿನ ರಾಬಿನ್ ಉತ್ತಪ್ಪ 2022ರ ಸೆಪ್ಟೆಂಬರಿನಲ್ಲಿ ಭಾರತದ ಎಲ್ಲ ಬಗೆಯ ಕ್ರಿಕೆಟಿಗೂ ವಿದಾಯ ಹೇಳಿದವರು 2023ರ ಜನವರಿಯಲ್ಲಿ ದುಬೈ ಕ್ಯಾಪಿಟಲ್ಸ್ ಪರ ಬ್ಯಾಟು ಬೀಸುತ್ತಿದ್ದರು. ವ್ಯತ್ಯಾಸವಿಷ್ಟೇ, ಉತ್ತಪ್ಪ ಆಟದ ಸಂಜೆಯಲ್ಲಿದ್ದರು, ನೋಮೊಗೆ ನಡುಹಗಲು. ಜೊತೆಗೆ, ಉತ್ತಪ್ಪ ಅವರನ್ನು ಯಾರೂ ದ್ರೋಹಿ ಎನ್ನಲಿಲ್ಲ.

ನೋಮೊನನ್ನು ಅಂದರು. ಉಂಡ ಮನೆಗೆ ಎರಡು ಬಗೆದವನು, ದುಡ್ಡಿಗೆ ಬಾಯಿಬಿಟ್ಟವನು ಎಂಬ ಧಾಟಿಯಲ್ಲಿ ಪತ್ರಿಕೆಗಳು ಬರೆದವು. ಬೇಸಿಗೆ ಬರುವಷ್ಟರಲ್ಲಿ ಧಾಟಿ ತಲೆಕೆಳಗಾಯಿತು. ಅಮೆರಿಕದಲ್ಲಿ ಆಗಷ್ಟೇ ಆಟಗಾರರ ಮುಷ್ಕರ ಮುಗಿದಿತ್ತು. 1994ರ ಅಂತಿಮ ಸರಣಿ ವರ್ಲ್ಡ್ ಸೀರೀಸ್ ರದ್ದಾಗಿ ಪ್ರೇಕ್ಷಕರು ಮುನಿಸಿಕೊಂಡಿದ್ದರು. ಆ ಬರಗಾಲದಲ್ಲಿ ಬಂದ ‘ಸುಂಟರಗಾಳಿ’ ನೋಮೊ ಅಲ್ಲಿಯ ಆಲ್‌ಸ್ಟಾರ್ ಪಂದ್ಯದಲ್ಲಿ ತನ್ನ ಲೀಗಿನ ಪರ ಆರಂಭಿಕ ಪಿಚರ್ ಆದ. 236 ಸ್ಟ್ರೈಕ್‌ಔಟ್‌ಗಳೊಂದಿಗೆ ವರ್ಷದ ಶ್ರೇಷ್ಠ ಹೊಸಬನೆನಿಸಿದ. ಜಪಾನಿನಲ್ಲಿ ಜನ ಬೆಳಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ದೊಡ್ಡ ಪರದೆಗಳ ಮುಂದೆ ನಿಂತು ಅವನನ್ನು ನೋಡಿದರು. ದ್ರೋಹಿ ಎಂದ ಬಾಯಿಗಳೇ ದೇಶದ ಮಾನ ಎತ್ತಿದವನು ಎಂದವು.

ಅಂದಿನಿಂದ ಇಂದಿನ ಶೊಹೆಯ್ ಒತಾನಿಯವರೆಗೆ ಜಪಾನಿನ ಬೇಸ್‌ಬಾಲ್ ಕುರಿತ ಚರ್ಚೆ ಈ ಎರಡು ಮಾತುಗಳ ನಡುವೆಯೇ ಓಲಾಡುತ್ತಿದೆ. ಹೋದವನು ಗೆದ್ದರೆ ಹೆಮ್ಮೆ. ಅವನು ಬಿಟ್ಟು ಹೋದ ಅಂಗಳ ನೋಡಿದರೆ ‘ಪ್ರತಿಭೆ ಸೋರಿ ಹೋಗುತ್ತಿದೆ’ ಎಂಬ ನಿಟ್ಟುಸಿರು. ಎರಡರಲ್ಲೂ ಆಟಗಾರನೇ ಕಟಕಟೆಯಲ್ಲಿ. ತಂಡಗಳ ಒಡೆಯರನ್ನು ಅಲ್ಲಿ ನಿಲ್ಲಿಸುವವರು ಕಡಿಮೆ. ಈ ಮೂವತ್ತು ವರ್ಷಗಳ ಕಥೆಯನ್ನು ಸರಿಯಾಗಿ ಓದಿದರೆ ಮೊದಲು ನಿಲ್ಲಬೇಕಾದವರು ಅವರೇ.

ನೋಮೊನ ಹಳೆಯ ತಂಡಕ್ಕೆ ಏನಾಯಿತೆಂದು ನೋಡಬಹುದು. 2004ರಲ್ಲಿ ಕಿನ್ತೆತ್ಸು ರೈಲು ಕಂಪನಿ ನಷ್ಟದ ಲೆಕ್ಕ ತೋರಿಸಿ ತನ್ನ ತಂಡವನ್ನು ಓರಿಕ್ಸ್ ಕಂಪನಿಯ ತಂಡದೊಂದಿಗೆ ಸೇರಿಸಿಬಿಡಲು ಹೊರಟಿತು. ಅಭಿಮಾನಿಗಳು ಬೀದಿಗಿಳಿದರು. ಆಟಗಾರರ ಸಂಘದ ಮುಖಂಡ ಅತ್ಸುಯಾ ಫುರುತಾ ಒಡೆಯರ ಜೊತೆ ಮಾತನಾಡಬೇಕೆಂದಾಗ, ಯೊಮಿಯುರಿ ಜೈಂಟ್ಸ್‌ನ ಒಡೆಯ ತ್ಸುನೆಒ ವತನಾಬೆ, ಬರೀ ಆಟಗಾರರು ತಮ್ಮ ಸ್ಥಾನ ಅರಿತಿರಬೇಕು ಎಂದು ಗುಡುಗಿದರು. ಸೆಪ್ಟೆಂಬರಿನಲ್ಲಿ ಜಪಾನಿನ ವೃತ್ತಿಪರ ಬೇಸ್‌ಬಾಲ್ ತನ್ನ ಇತಿಹಾಸದ ಮೊದಲ ಮುಷ್ಕರ ಕಂಡಿತು. ಒಂದು ವಾರಾಂತ್ಯ ಚೆಂಡು ಬೀಳಲಿಲ್ಲ. ಫಲವಾಗಿ ಸೆಂದಾಯ್ ನಗರದಲ್ಲಿ ರಕುತೆನ್ ಎಂಬ ಹೊಸ ತಂಡ ಹುಟ್ಟಿ, ತಂಡಗಳ ಸಂಖ್ಯೆ 12ರಲ್ಲೇ ಉಳಿಯಿತು. ಕಿನ್ತೆತ್ಸು ಮಾತ್ರ ಉಳಿಯಲಿಲ್ಲ. ಒಬ್ಬ ಪಿಚರ್ ತಂಡ ಬಿಟ್ಟಾಗ ಅದು ದ್ರೋಹವೆನಿಸಿತು; ಕಂಪನಿಯೋ ಹತ್ತು ವರ್ಷ ತುಂಬುವ ಮೊದಲೇ ತಂಡವನ್ನೇ ಬಿಟ್ಟಿತು. ಅದಕ್ಕೆ ಪುನರ್‌ರಚನೆ ಎಂಬ ಮರ್ಯಾದೆಯ ಹೆಸರಿತ್ತು.

ಕಂಪನಿಗಳು ಹೀಗೇಕೆ ನಡೆದುಕೊಂಡವು ಎಂಬುದಕ್ಕೆ ಉತ್ತರ ತಂಡಗಳ ಹೆಸರಿನಲ್ಲೇ ಇದೆ. ಅಮೆರಿಕದ ತಂಡ ಊರಿನ ಹೆಸರು ಹೊತ್ತಿರುತ್ತದೆ. ಜಪಾನಿನ ಬಹುತೇಕ ತಂಡಗಳು ಹೊತ್ತಿರುವುದು ಕಂಪನಿಯ ಹೆಸರು. ಯೊಮಿಯುರಿ ಪತ್ರಿಕೆ, ಹನ್‌ಶಿನ್ ರೈಲು, ಲೊತ್ತೆ ಚಾಕೊಲೇಟು, ಯಾಕುಲ್ಟ್ ಪಾನೀಯ, ನಿಪ್ಪೊನ್ ಹ್ಯಾಮ್‌ನ ಮಾಂಸ. 1954ರಲ್ಲಿ ಅಲ್ಲಿಯ ತೆರಿಗೆ ಇಲಾಖೆ ಹೊರಡಿಸಿದ ಸುತ್ತೋಲೆಯೊಂದು ತಂಡದ ನಷ್ಟವನ್ನು ಮಾತೃಸಂಸ್ಥೆಯ ಜಾಹೀರಾತು ಖರ್ಚಿನಂತೆ ತೋರಿಸಲು ಅವಕಾಶ ಕೊಟ್ಟಿತು. ತಂಡವೆಂದರೆ ಓಡಾಡುವ ಜಾಹೀರಾತು ಫಲಕವಾದ ಮೇಲೆ ಅದನ್ನು ಲಾಭಕ್ಕೆ ನಡೆಸುವ ತುರ್ತು ಯಾರಿಗೂ ಇರಲಿಲ್ಲ. ಸ್ಟೇಡಿಯಂ, ಟಿವಿ ಹಕ್ಕು, ಟೋಪಿ–ಅಂಗಿಗಳ ಮಾರಾಟ ಇವೆಲ್ಲ ಸೇರಿ ಅಮೆರಿಕದಲ್ಲಿ ಆಟಗಾರರ ಸಂಬಳವನ್ನು ಆಕಾಶಕ್ಕೆ ಏರಿಸಿದ ದಶಕಗಳಲ್ಲಿ ಜಪಾನಿನ ಒಡೆಯರು ತಂಡದಿಂದ ಬಯಸಿದ್ದು ಬೆಳಗಿನ ಪತ್ರಿಕೆಯಲ್ಲಿ ಕಂಪನಿಯ ಹೆಸರು ಕಾಣುವುದನ್ನು. ನಕ್ಷತ್ರಗಳು ಹೊರಟಿದ್ದು ಅಮೆರಿಕದ ಸೆಳೆತದಿಂದ ನಿಜ, ಆದರೆ ಬಾಗಿಲ ಕಡೆ ತಳ್ಳಿದ್ದು ಮನೆಯೊಳಗಿನ ಈ ಜಡತ್ವ.

ಬಾಗಿಲು ಇದ್ದದ್ದು ಹಿಂದೆಯೂ ಹೌದು. 1964ರಲ್ಲಿ ನನ್‌ಕಾಯ್ ಹಾಕ್ಸ್ ತಂಡ ಮಸಾನೊರಿ ಮುರಾಕಾಮಿ ಎಂಬ ಹುಡುಗನನ್ನು ತರಬೇತಿಗೆಂದು ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಕಳಿಸಿತು. ಹುಡುಗ ಎಷ್ಟು ಚೆನ್ನಾಗಿ ಎಸೆದನೆಂದರೆ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅವನನ್ನು ನ್ಯೂಯಾರ್ಕಿನಲ್ಲಿ ಕಣಕ್ಕಿಳಿಸಿತು. ಅಮೆರಿಕದ ಮೇಜರ್ ಲೀಗಿನಲ್ಲಿ ಆಡಿದ ಮೊದಲ ಜಪಾನೀಯ ಅವನೇ. ಹಾಕ್ಸ್ ವಾಪಸು ಕೇಳಿತು, ಜೈಂಟ್ಸ್ ಕರಾರು ತೋರಿಸಿತು. ಜಗ್ಗಾಟ ಮುಗಿದು 1966ಕ್ಕೆ ಅವನು ಜಪಾನಿಗೆ ಮರಳಿದ. ಮರುವರ್ಷ ಎರಡೂ ದೇಶದ ಲೀಗುಗಳು ಒಬ್ಬರ ಕರಾರನ್ನು ಇನ್ನೊಬ್ಬರು ಗೌರವಿಸುವುದಾಗಿ ಒಪ್ಪಂದ ಮಾಡಿಕೊಂಡವು. ಕೇಳಲು ಸಭ್ಯ ಮಾತು. ಅದರ ಅರ್ಥವಾದರೋ, ಕೆಲಸಗಾರನನ್ನು ಕೇಳದೆ ಇಬ್ಬರು ಧಣಿಗಳು ಬೇಲಿ ಹಾಕಿಕೊಂಡರು ಎಂಬುದು. ಆ ಬೇಲಿಯೊಳಗೇ ಸದಾಹರು ಒ 868 ಹೋಮ್ ರನ್ ಹೊಡೆದು ನಿವೃತ್ತರಾದರು. ಅವರು ಮೇಜರ್ ಲೀಗಿನಲ್ಲಿ ಏನು ಮಾಡುತ್ತಿದ್ದರು ಎಂಬುದು ಇಂದಿಗೂ ಟೋಕಿಯೊದ ಹೆಂಡದಂಗಡಿಗಳಲ್ಲಿ ಬಗೆಹರಿಯದ ವಾದ.

ನೋಮೊ ಬೇಲಿಯ ಕೆಳಗೆ ನುಸುಳಿದ ಮೇಲೆ ಇನ್ನಿಬ್ಬರು ಅದನ್ನು ಅಲ್ಲಾಡಿಸಿದರು. 1997ರಲ್ಲಿ ಚಿಬಾ ಲೊತ್ತೆ ತಂಡ ತನ್ನ ಪಿಚರ್ ಹಿದೆಕಿ ಇರಾಬುವಿನ ಹಕ್ಕನ್ನು ಸ್ಯಾನ್ ಡಿಯೆಗೊ ತಂಡಕ್ಕೆ ದಾಟಿಸಿತು. ನಾನು ಆಡಿದರೆ ಯಾಂಕೀಸ್‌ಗೇ ಎಂದು ಅವನು ಹಟಹಿಡಿದು ಅಲ್ಲಿಗೇ ಹೋದ. ಮರುವರ್ಷ ಹಿರೋಶಿಮಾ ತಂಡದಲ್ಲಿದ್ದ ಡೊಮಿನಿಕನ್ ತರುಣ ಅಲ್ಫೊನ್ಸೊ ಸೊರಿಯಾನೊ ನೋಮೊನದೇ ‘ನಿವೃತ್ತಿ’ಯ ದಾರಿ ಹಿಡಿದ. ಇನ್ನು ತಡೆಯಲಾಗದು ಎಂದಾದಾಗ, ಹೋಗುವವನಿಂದ ಕನಿಷ್ಠ ಕಾಸಾದರೂ ಹುಟ್ಟಲಿ ಎಂದು 1998ರಲ್ಲಿ ‘ಪೋಸ್ಟಿಂಗ್’ ವ್ಯವಸ್ಥೆ ಬಂತು. ಇದು ಒಂದು ರೀತಿಯಲ್ಲಿ ಹಳೆಯ ಕಾಲದ ತೆರ. ಹೆಣ್ಣು ಕೇಳಲು ಬಂದವರು ಹೆಣ್ಣಿನ ಮನೆಗೆ ಹಣ ಕಟ್ಟಬೇಕು. ಹೆಣ್ಣಿನ ಮಾತು ಆಮೇಲೆ. ಅಮೆರಿಕದ ತಂಡಗಳು ಮುಚ್ಚಿದ ಲಕೋಟೆಯಲ್ಲಿ ಮೊತ್ತ ಬರೆದು ಕಳಿಸುವುದು, ದೊಡ್ಡ ಮೊತ್ತದವರಿಗೆ ಮಾತ್ರ ಆಟಗಾರನೊಂದಿಗೆ ಮಾತಾಡುವ ಹಕ್ಕು. ಒಂಬತ್ತು ಋತುಗಳ ಸೇವೆ ಮುಗಿಸಿದವನು ಸ್ವತಂತ್ರನಾಗಿ ಹೋಗಬಹುದು. ಅದಕ್ಕೆ ಮೊದಲು ಹೋಗಬೇಕೆಂದರೆ ಒಡೆಯನ ಕೃಪೆ.

ಈ ದಾರಿಯಲ್ಲೇ 2000ದ ಕೊನೆಗೆ ಇಚಿರೊ ಸುಝುಕಿ ಹೊರಟ. ಓರಿಕ್ಸ್ ತಂಡಕ್ಕೆ ಸಿಯಾಟಲ್ ಕಟ್ಟಿದ್ದು 1 ಕೋಟಿ 31 ಲಕ್ಷ 25 ಸಾವಿರ ಡಾಲರ್. ಪಿಚರ್‌ಗಳೇನೋ ಸರಿ, ಸಣಕಲು ಮೈಯ ಬ್ಯಾಟರ್ ಅಲ್ಲಿ ನಿಲ್ಲುವನೇ ಎಂದವರಿಗೆ ಅವನು ಮೊದಲ ವರ್ಷವೇ 242 ಹಿಟ್‌ಗಳ ಉತ್ತರ ಕೊಟ್ಟ. 2004ರಲ್ಲಿ 262 ಹಿಟ್ ಹೊಡೆದು, 1920ರಿಂದ ಜಾರ್ಜ್ ಸಿಸ್ಲರ್ ಹೆಸರಿನಲ್ಲಿದ್ದ ದಾಖಲೆಯನ್ನು ಅಳಿಸಿದ. 2025ರ ಜನವರಿಯಲ್ಲಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಅವನನ್ನು ಆರಿಸುವಾಗ 394 ಮತಗಳಲ್ಲಿ ಒಂದೇ ಒಂದು ತಪ್ಪಿತು. ಆ ಒಬ್ಬ ಮಹಾನುಭಾವ ಯಾರೆಂದು ಜಪಾನು ಇನ್ನೂ ಹುಡುಕುತ್ತಿರಬಹುದು.

ಲಕೋಟೆಯ ಮೊತ್ತ ಏರುತ್ತಾ ಹೋಯಿತು. 2006ರಲ್ಲಿ ದೈಸುಕೆ ಮತ್ಸುಝಾಕಾನಿಗಾಗಿ ಬಾಸ್ಟನ್ ಬರೆದ ಸಂಖ್ಯೆ 5,11,11,111 ಡಾಲರ್ 11 ಸೆಂಟ್. ಆಟಗಾರನಿಗೆ ಆರು ವರ್ಷಕ್ಕೆ ಸಿಕ್ಕ ಸಂಬಳ 5 ಕೋಟಿ 20 ಲಕ್ಷ. ಅಂದರೆ ಎಸೆಯುವ ತೋಳಿಗೆ ಬಂದಷ್ಟೇ ಹಣ, ತೋಳಿನ ಹಿಂದಿನ ಒಡೆಯನಿಗೂ ಬಂತು. ಇದು ದುಬಾರಿಯೆನಿಸಿ 2013ರಲ್ಲಿ ಅಮೆರಿಕದವರು ತೆರಕ್ಕೆ 2 ಕೋಟಿ ಡಾಲರಿನ ಮಿತಿ ಹಾಕಿಸಿದರು. ಕೂಡಲೇ ಮಸಾಹಿರೊ ತನಾಕಾನ ಕರಾರು 15.5 ಕೋಟಿಗೆ ಜಿಗಿಯಿತು. ಈಗಿನ ನಿಯಮದಲ್ಲಿ ಆಟಗಾರನ ಕರಾರಿನ ಒಂದು ಪಾಲು ಹಳೆಯ ತಂಡಕ್ಕೆ ಸಲ್ಲುತ್ತದೆ: ಮೊದಲ 2.5 ಕೋಟಿಗೆ ಶೇ 20, ಮುಂದಿನ 2.5 ಕೋಟಿಗೆ ಶೇ 17.5, ಅದರಾಚೆಗೆ ಶೇ 15. ಯೊಶಿನೊಬು ಯಮಾಮೊತೊ 2023ರ ಡಿಸೆಂಬರಿನಲ್ಲಿ 32.5 ಕೋಟಿಗೆ ಡಾಡ್ಜರ್ಸ್ ಸೇರಿದಾಗ ಓರಿಕ್ಸ್‌ಗೆ 5 ಕೋಟಿ 6 ಲಕ್ಷ 25 ಸಾವಿರ ಡಾಲರ್ ಬಂತು. ಈ ಲೆಕ್ಕದಲ್ಲಿ ಒಂದು ನ್ಯಾಯವಿದೆ. ಹದಿನೆಂಟರ ಹುಡುಗನನ್ನು ತಿದ್ದಿ ಬೆಳೆಸಿದ ತಂಡಕ್ಕೆ ಏನೂ ಸಿಗಬಾರದು ಎನ್ನುವುದು ಒಪ್ಪುವ ಮಾತಲ್ಲ.

ಆದರೆ ಅಮೆರಿಕದ ಕಡೆಯಲ್ಲಿ ಇನ್ನೊಂದು ನಿಯಮವಿದೆ, ನಿಜವಾದ ಸೋರಿಕೆ ಇರುವುದು ಅಲ್ಲಿ. 25 ವರ್ಷ ತುಂಬದ ವಿದೇಶಿ ಆಟಗಾರ ಎಷ್ಟೇ ದೊಡ್ಡವನಾಗಲಿ, ಅವನು ಅಲ್ಲಿ ‘ಹವ್ಯಾಸಿ’. ನಿಗದಿತ ಥೈಲಿಯೊಳಗಿನ ಸಹಿಹಣ, ಆಮೇಲೆ ಕನಿಷ್ಠ ಸಂಬಳ, ಅಷ್ಟೇ. 2017ರಲ್ಲಿ ಒತಾನಿ ಎರಡು ವರ್ಷ ಕಾದಿದ್ದರೆ ಇಪ್ಪತ್ತು ಕೋಟಿಯ ಮಾತು ಬರುತ್ತಿತ್ತು ಎಂದು ಆಗಲೇ ಎಣಿಸುತ್ತಿದ್ದರು. ಕಾಯದೆ ಅವನು 23 ಲಕ್ಷ 15 ಸಾವಿರದ ಸಹಿಹಣ, 5 ಲಕ್ಷ 45 ಸಾವಿರದ ಸಂಬಳಕ್ಕೆ ಏಂಜಲ್ಸ್ ಸೇರಿದ. ಹಣದಾಸೆಗೆ ಓಡುತ್ತಾರೆ ಎಂಬ ಆರೋಪಕ್ಕೆ ಇದಕ್ಕಿಂತ ಕಟುವಾದ ಉತ್ತರ ಸಿಗಲಾರದು. 70 ಕೋಟಿಯ ಕರಾರು ಆರು ವರ್ಷಗಳ ನಂತರದ ಮಾತು. ಅದರಲ್ಲೂ 68 ಕೋಟಿಯನ್ನು ಮುಂದಕ್ಕೆ ತಳ್ಳಿಸಿಕೊಂಡಿದ್ದಾನೆ.

ರೋಕಿ ಸಸಾಕಿಯ ವಿಷಯ ಇನ್ನೂ ಕಠಿಣ. 2022ರ ಏಪ್ರಿಲ್ 10ರಂದು, ಇಪ್ಪತ್ತರ ವಯಸ್ಸಿನಲ್ಲಿ, ಅವನು ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಗೊಡದೆ 19 ಸ್ಟ್ರೈಕ್‌ಔಟ್‌ಗಳ ಪರಿಪೂರ್ಣ ಪಂದ್ಯ ಆಡಿದ. ಮುಂದಿನ ವಾರ ಮತ್ತೆ ಎಂಟು ಇನ್ನಿಂಗ್ಸ್ ಹಾಗೆಯೇ ಸಾಗಿದಾಗ, ದಾಖಲೆಗಿಂತ ತೋಳು ಮುಖ್ಯವೆಂದು ಚಿಬಾ ಲೊತ್ತೆ ಅವನನ್ನು ಹೊರಕ್ಕೆ ಕರೆಸಿತು. ಅಷ್ಟು ಜೋಪಾನ ಮಾಡಿದ ತೋಳು 2025ರ ಜನವರಿಯಲ್ಲಿ 65 ಲಕ್ಷ ಡಾಲರ್ ಸಹಿಹಣಕ್ಕೆ ಡಾಡ್ಜರ್ಸ್ ಪಾಲಾಯಿತು. ಲೊತ್ತೆಗೆ ಬಂದದ್ದು ಅದರ ಕಾಲುಭಾಗ, 16 ಲಕ್ಷ 25 ಸಾವಿರ. ಯಮಾಮೊತೊಗಾಗಿ ಓರಿಕ್ಸ್‌ಗೆ ಬಂದ ತೆರದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಅಭಿಮಾನಿಗಳು ಹುಡುಗನ ಮೇಲೆ ಸಿಟ್ಟಾದರು; ಒಂದು ಋತುವಿನಲ್ಲೂ ಪೂರ್ತಿ ಭಾರ ಹೊರದೆ ಹೋದ ಎಂದರು. ಆ ಸಿಟ್ಟಿಗೆ ಕಾರಣವಿಲ್ಲ ಎನ್ನಲಾಗದು. ಆದರೂ ಗಳಿಸಿದವರು ಯಾರು? ಆಟಗಾರನಲ್ಲ, ಜಪಾನಿನ ತಂಡವಂತೂ ಅಲ್ಲ. ಅಮೆರಿಕದ ಒಡೆಯರು ತಮ್ಮ ಖರ್ಚು ಇಳಿಸಲು ಬರೆದುಕೊಂಡ ನಿಯಮದ ಬೆಲೆಯನ್ನು ಇಬ್ಬರೂ ತೆತ್ತರು. ಸಿಟ್ಟು ಮಾತ್ರ ಪೆಸಿಫಿಕ್ ದಾಟಲೇ ಇಲ್ಲ.

ಹೀಗೆಯೇ ನಡೆದರೆ ಜಪಾನಿನ ಲೀಗು ಸೊರಗಿ ಸಾಯುವುದಿಲ್ಲವೇ ಎಂಬ ಭಯ ಬಾಲಿಶವಲ್ಲ. ಅಮೆರಿಕದಲ್ಲೇ ಅದಕ್ಕೆ ಉದಾಹರಣೆ ಇದೆ. 1947ರಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆ ಒಡೆದು, ಆಗ ಬ್ರೂಕ್ಲಿನ್ನಿನಲ್ಲಿದ್ದ ಡಾಡ್ಜರ್ಸ್ ಪರ ಆಡಿದಾಗ, ಅವನ ಹಿಂದಿನ ತಂಡ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್‌ಗೆ ಬಿಡಿಗಾಸೂ ಬರಲಿಲ್ಲ. ಕಪ್ಪು ಜನರ ಲೀಗುಗಳಿಂದ ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರರು ಹೊರಟರು, ಪ್ರೇಕ್ಷಕರೂ ಅವರ ಹಿಂದೆಯೇ ನಡೆದರು; 1948ರ ಋತುವಿನೊಂದಿಗೆ ನೀಗ್ರೊ ನ್ಯಾಷನಲ್ ಲೀಗ್ ಬಾಗಿಲು ಹಾಕಿತು. ನ್ಯಾಯದ ಗೆಲುವೊಂದು ಒಂದು ಸಮುದಾಯದ ಸಂಸ್ಥೆಯನ್ನು ನುಂಗಿತು.

ಜಪಾನಿನಲ್ಲಿ ಹಾಗೆ ಆಗಿಲ್ಲ. ಇಚಿರೊ, ಮತ್ಸುಯಿ, ದಾರ್ವಿಶ್, ತನಾಕಾ, ಒತಾನಿ, ಯಮಾಮೊತೊ ಎಲ್ಲರೂ ಹೋದ ಮೇಲೆ, 2024ರಲ್ಲಿ ಅಲ್ಲಿಯ 12 ತಂಡಗಳ ಪಂದ್ಯಗಳಿಗೆ ಬಂದವರು 2 ಕೋಟಿ 60 ಲಕ್ಷಕ್ಕೂ ಹೆಚ್ಚು. ಕಾರಣಗಳು ಹಲವು, ಬಹಳ ಸರಳವಾದದ್ದು ಗಡಿಯಾರ. ರಾಬಿನ್ಸನ್ನನ ಅಭಿಮಾನಿ ರೈಲು ಹತ್ತಿ ಬ್ರೂಕ್ಲಿನ್ನಿಗೆ ಹೋಗಬಹುದಿತ್ತು. ಒಸಾಕಾದ ಅಭಿಮಾನಿ ಲಾಸ್ ಏಂಜಲಿಸ್ಸಿಗೆ ಹೋಗಲಾರ. ಅಲ್ಲಿಯ ಆಟ ಅವನಿಗೆ ಬೆಳಗಿನ ಟಿವಿಯಲ್ಲಿ ಸಿಗುತ್ತದೆ. ಸಂಜೆ ಕಚೇರಿ ಬಿಟ್ಟ ಮೇಲೆ ಅವನ ಕಾಲು ಎಳೆಯುವುದು ಕೋಶಿಯೆನ್ ಕಡೆಗೇ: 1924ರ ಹಳೆಯ ಅಂಗಳ, ಪ್ರತಿ ಬ್ಯಾಟರ್‌ಗೂ ಬೇರೆ ಬೇರೆ ಹಾಡು ನುಡಿಸುವ ತುತ್ತೂರಿ–ಡೋಲಿನ ಮೇಳ, ಬೆನ್ನಿಗೆ ಬಿಯರ್ ಪೀಪಾಯಿ ಕಟ್ಟಿಕೊಂಡು ಮೆಟ್ಟಿಲು ಹತ್ತಿಳಿಯುವ ಹುಡುಗಿಯರು. ಅಮೆರಿಕ ಬೆಳಗನ್ನು ತೆಗೆದುಕೊಂಡಿದೆ, ಸಂಜೆ ಜಪಾನಿನದೇ.

ಆ ಸಂಜೆಗೂ ಕೈ ಹಾಕಿದಾಗ ಏನಾಯಿತೆಂಬುದು 2024ರ ಅಕ್ಟೋಬರಿನಲ್ಲಿ ಕಂಡಿತು. ಜಪಾನ್ ಸೀರೀಸ್ ನಡೆಯುತ್ತಿದ್ದ ಹೊತ್ತಿಗೇ ಫುಜಿ ಟಿವಿ ಒತಾನಿಯ ವರ್ಲ್ಡ್ ಸೀರೀಸ್‌ನ ತುಣುಕುಗಳನ್ನು ಮರುಪ್ರಸಾರ ಮಾಡಿತು. ಸಿಟ್ಟಿಗೆದ್ದ ಲೀಗು ಆ ವಾಹಿನಿಯ ಪತ್ರಕರ್ತರಿಂದ ಪ್ರವೇಶಪತ್ರಗಳನ್ನೇ ಕಿತ್ತುಕೊಂಡಿತು. ಹಳೆಯ ಚಾಳಿ: ಎದುರಾಳಿ ಬಲಶಾಲಿಯಾದರೆ ನೆರೆಮನೆಯವನಿಗೆ ಗದರುವುದು.

ಚಾಳಿ ಬಿಟ್ಟವರೂ ಇದ್ದಾರೆ. 2012ರಲ್ಲಿ, ಶಾಲೆ ಮುಗಿಸಿದ ಕೂಡಲೇ ಅಮೆರಿಕಕ್ಕೆ ಹೋಗುತ್ತೇನೆಂದು ಒತಾನಿ ಘೋಷಿಸಿದ್ದರೂ ನಿಪ್ಪೊನ್ ಹ್ಯಾಮ್ ಫೈಟರ್ಸ್ ತಂಡಗಳು ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ ಅವನನ್ನೇ ಆರಿಸಿತು. ಬೈಯಲಿಲ್ಲ, ಕಟ್ಟಿಹಾಕಲಿಲ್ಲ, ಎಳೆಯ ವಯಸ್ಸಿನಲ್ಲಿ ಹೊರದೇಶಕ್ಕೆ ಹೋದವರ ಕಥೆ ಏನಾಗಿದೆ ಎಂಬ ಲೆಕ್ಕಾಚಾರವನ್ನು ಕಡತ ಮಾಡಿ ಮುಂದಿಟ್ಟಿತು. ಎಸೆಯುವುದನ್ನೂ ಹೊಡೆಯುವುದನ್ನೂ ಎರಡನ್ನೂ ಮಾಡಗೊಡುತ್ತೇವೆ, ಆಮೇಲೆ ನೀನು ಹೋಗು ಎಂದಿತು. ಹದಿನೆಂಟರಲ್ಲೇ ಅವನು ಅಮೆರಿಕಕ್ಕೆ ಹೋಗಿದ್ದರೆ ಯಾವುದೋ ಸಣ್ಣ ಊರಿನ ತರಬೇತಿ ತಂಡದಲ್ಲಿ ಯಾರೋ ಒಬ್ಬ ಕೋಚ್ ಎರಡರಲ್ಲೊಂದನ್ನು ಬಿಡಿಸುತ್ತಿದ್ದ ಸಾಧ್ಯತೆಯೇ ಹೆಚ್ಚು. ಜಗತ್ತು ಇಂದು ಬೆರಗಿನಿಂದ ನೋಡುವ ಒತಾನಿ, 2024ರಲ್ಲಿ 54 ಹೋಮ್ ರನ್ನಿನ ಜೊತೆ 59 ಬೇಸ್ ಕದ್ದವನು, ಸಪ್ಪೊರೊದಲ್ಲಿ ತಯಾರಾದವನು. ಅವನು ಹೋದ ಮೇಲೆ ಫೈಟರ್ಸ್ ಅಳುತ್ತಾ ಕೂರಲಿಲ್ಲ; 2023ರಲ್ಲಿ ಕಿತಾಹಿರೊಶಿಮಾದಲ್ಲಿ ಹೊಸ ಅಂಗಳ ತೆರೆಯಿತು. ಅಲ್ಲಿ ಬಿಸಿನೀರ ತೊಟ್ಟಿಯ ಪಕ್ಕದಿಂದಲೇ ಆಟ ನೋಡಬಹುದು.

ಓರಿಕ್ಸ್‌ನ ಕಥೆ ಇಷ್ಟು ನೇರವಲ್ಲ. ಇಚಿರೊನನ್ನು ಕಳೆದುಕೊಂಡ, ನೋಮೊನ ತಂಡದ ‘ಬಫಲೋಸ್’ ಎಂಬ ಅಡ್ಡಹೆಸರನ್ನು ಹೊತ್ತುಕೊಂಡ ಈ ತಂಡ 2021ರಿಂದ ಮೂರು ವರ್ಷ ಸತತವಾಗಿ ಲೀಗು ಗೆದ್ದಿತು. ಮಸತಾಕಾ ಯೊಶಿದಾ ಬಾಸ್ಟನ್ನಿಗೆ, ಮರುವರ್ಷ ಯಮಾಮೊತೊ ಲಾಸ್ ಏಂಜಲಿಸ್ಸಿಗೆ ಹೋದರು. 2024ರಲ್ಲಿ ತಂಡ ಐದನೆಯ ಸ್ಥಾನಕ್ಕೆ ಕುಸಿಯಿತು. ನಷ್ಟವೇ ಇಲ್ಲ ಎಂದು ವಾದಿಸುವುದು ಸುಳ್ಳಾಗುತ್ತದೆ. 2025ರ ನವೆಂಬರಿನಲ್ಲಿ ಯಮಾಮೊತೊ ಟೊರೊಂಟೊದಲ್ಲಿ ಆರನೆಯ ಪಂದ್ಯ ಗೆದ್ದ ಮರುದಿನವೇ ಏಳನೆಯದಕ್ಕೂ ಎಸೆದು ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದಾಗ, ಒಸಾಕಾದ ಬಫಲೋಸ್ ಅಭಿಮಾನಿಯ ಚಪ್ಪಾಳೆಯಲ್ಲಿ ಹೊಟ್ಟೆಯುರಿ ಬೆರೆತಿದ್ದರೆ ಅದನ್ನು ತಪ್ಪೆನ್ನುವವರು ಯಾರು?

ತಡೆಯುವ ಪ್ರಯತ್ನಗಳೂ ನಡೆದಿವೆ. 2008ರಲ್ಲಿ ಜುನಿಚಿ ತಾಜಾವಾ ಜಪಾನಿನ ಡ್ರಾಫ್ಟನ್ನೇ ನಿರಾಕರಿಸಿ ನೇರ ಬಾಸ್ಟನ್ನಿಗೆ ಹೋದಾಗ, ಹಾಗೆ ಹೋದವರು ಮರಳಿದರೆ ಎರಡು–ಮೂರು ವರ್ಷ ಆಡಿಸುವುದಿಲ್ಲ ಎಂಬ ನಿಯಮ ಬಂತು. ‘ತಾಜಾವಾ ನಿಯಮ’ವೆಂದೇ ಕರೆಸಿಕೊಂಡ ಅದು 2020ರಲ್ಲಿ ರದ್ದಾಯಿತು. ಫುಕುಒಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್ ಪೋಸ್ಟಿಂಗನ್ನು ಒಪ್ಪುವುದೇ ಇಲ್ಲ. ಅವರ ಪಿಚರ್ ಕೊದಾಯ್ ಸೆಂಗಾ ವರ್ಷವರ್ಷವೂ ಕೇಳಿ, ಅವಧಿ ಮುಗಿಸಿ, 2022ರ ಕೊನೆಗೆ ಸ್ವತಂತ್ರನಾಗಿ ನ್ಯೂಯಾರ್ಕಿಗೆ ಹೋದ. ತಂಡಕ್ಕೆ ಒಂದು ಯೆನ್ ಕೂಡ ಬರಲಿಲ್ಲ.

ಈ ನಡುವೆ ಒತಾನಿ ಓದಿದ ಹನಮಾಕಿ ಹಿಗಾಶಿ ಶಾಲೆಯಲ್ಲೇ ರಿನ್ತಾರೊ ಸಸಾಕಿ ಎಂಬ ಹುಡುಗ ಶಾಲಾ ದಿನಗಳಲ್ಲಿ 140 ಹೋಮ್ ರನ್ ಹೊಡೆದ. ಶಾಲೆ ಮುಗಿದಾಗ ಅವನು ಜಪಾನಿನ ಡ್ರಾಫ್ಟಿಗೆ ಹೆಸರು ಕೊಡಲಿಲ್ಲ. ಕರಾರು, ತೆರ, ಒಂಬತ್ತು ಋತು ಯಾವುದರ ಗೊಡವೆಯೂ ಇಲ್ಲದೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರಿದ. ಸಹಿ ಹಾಕಲು ಕಾಗದವೇ ಇಲ್ಲದಾಗ ನಿವೃತ್ತಿಯ ನಾಟಕವೂ ಬೇಕಾಗಲಿಲ್ಲ. 2025ರ ಅಕ್ಟೋಬರಿನ ಡ್ರಾಫ್ಟಿನಲ್ಲಿ ಅವನಿಗಾಗಿ ಎರಡು ತಂಡಗಳು ಮೊದಲ ಸುತ್ತಿನಲ್ಲೇ ಪೈಪೋಟಿ ನಡೆಸಿ, ಪೆಟ್ಟಿಗೆಯಿಂದ ಚೀಟಿ ಎತ್ತಿದವು. ಅವನೊಂದಿಗೆ ಮಾತಾಡುವ ಹಕ್ಕಿನ ಚೀಟಿ ಸಿಕ್ಕಿದ್ದು, ಯಾರನ್ನೂ ಪೋಸ್ಟಿಂಗ್‌ನಲ್ಲಿ ಕಳಿಸದ ಸಾಫ್ಟ್‌ಬ್ಯಾಂಕ್‌ಗೆ.